ಮಾವನ ಮಾರುತಿ 800 ಎಮಿಷನ್ ಟೆಸ್ಟ್ ಪಾಸಾದದ್ದು ಹೇಗೆ: ಒಂದು ಪ್ರಕರಣ

ಚೀಟಿಯಲ್ಲಿ ಎರಡು ಅಂಕಿ ಇದ್ದವು. ಸಿಒ 2.41. ಎಚ್‌ಸಿ 980. ಅದರ ಕೆಳಗೆ ‘ಫೇಲ್’.

ಇದು ಮೈಸೂರಿನಲ್ಲಿ 2025ರ ನವೆಂಬರ್‌ನಲ್ಲಿ ನಡೆದದ್ದು. ಕಾರು ನನ್ನ ಸೋದರಮಾವನದು. 2005ರ ಮಾರುತಿ 800, ಎಂಪಿಎಫ್‌ಐ ಎಂಜಿನ್ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದ್ದು), ಮೂರು ಸಿಲಿಂಡರ್, 796 ಸಿಸಿ. ಓಡಿದ್ದು 1,14,000 ಕಿಲೋಮೀಟರ್. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಕೆಜಿಐಡಿ (ಸರ್ಕಾರಿ ನೌಕರರ ವಿಮಾ ಇಲಾಖೆ) ಸಾಲ ತೆಗೆದು, ಕೈಯಲ್ಲಿದ್ದ ಉಳಿತಾಯ ಸೇರಿಸಿ ಕೊಂಡ ಕಾರು ಅದು. ಅತ್ತೆಗೆ ಎರಡೂ ಮಂಡಿ ನೋವು, ಬಸ್ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆಸ್ಪತ್ರೆಗೆ, ವಾರಕ್ಕೊಮ್ಮೆ ತಿ. ನರಸೀಪುರದ ಮನೆಗೆ, ಮದುವೆ ಮುಂಜಿಗೆ ಅವರಿಗೆ ಇರುವುದು ಇದೊಂದೇ ಗಾಡಿ. ತಿಂಗಳಿಗೆ 400 ಕಿಲೋಮೀಟರ್ ಓಡಿದರೆ ಹೆಚ್ಚು.

ಆರ್‌ಸಿ ಅವಧಿ ಮುಗಿದಿತ್ತು. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2020ರಲ್ಲಿ ಒಂದು ಸಲ ಮಾಡಿಸಿದ್ದರು, ಇದು ಎರಡನೆಯದು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 5,000 ರೂಪಾಯಿಯಿಂದ 10,000ಕ್ಕೆ ಏರಿಸಿತು. ಆ ಹತ್ತು ಸಾವಿರವನ್ನು ಮಾವ ಎತ್ತಿಟ್ಟಿದ್ದರು. ಆದರೆ ಆರ್‌ಟಿಒಗೆ ಹೋಗಬೇಕಾದರೆ ಮೊದಲು ಚಾಲ್ತಿಯಲ್ಲಿರುವ ಎಮಿಷನ್ ಸರ್ಟಿಫಿಕೇಟ್ ಬೇಕು. ಹಾಗಾಗಿ ಎಲ್ಲವೂ ಈ ಚೀಟಿಯ ಹತ್ತಿರ ಬಂದು ನಿಂತಿತು.

ಮಾವ ಮೊದಲು ಕಾರನ್ನು ಒಂದು ದೊಡ್ಡ ವರ್ಕ್‌ಶಾಪ್‌ಗೆ ಒಯ್ದರು. ಅಲ್ಲಿ ನೋಡಿದ್ದಕ್ಕೆ 500 ರೂಪಾಯಿ ತೆಗೆದುಕೊಂಡು ಒಂದು ಅಂದಾಜು ಪಟ್ಟಿ ಕೊಟ್ಟರು. ಕೆಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬ) ಬದಲಾವಣೆ, ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಕಂಪ್ಯೂಟರ್‌ಗೆ ಹೇಳುವಂಥದ್ದು) ಬದಲಾವಣೆ, ಇಂಜೆಕ್ಟರ್ ಕ್ಲೀನಿಂಗ್, ಕೂಲಿ. ಒಟ್ಟು 38,000 ರೂಪಾಯಿ. ಕಾರನ್ನು ಮಾರಿದರೆ 45,000 ಬಂದರೆ ಪುಣ್ಯ. “ಗುಜರಿಗೆ ಹಾಕಿಬಿಡ್ಲೇನೋ?” ಎಂದು ಮಾವ ಫೋನಿನಲ್ಲಿ ಕೇಳಿದರು. ಅವರ ದನಿ ಕೇಳಿ ನಾನು ಶನಿವಾರವೇ ಬೆಂಗಳೂರಿನಿಂದ ಹೊರಟೆ.

ನಾನು ಮೆಕ್ಯಾನಿಕ್ ಅಲ್ಲ. ಆಟೊಮೊಬೈಲ್ ಡಿಪ್ಲೊಮಾ ಮಾಡಿದ್ದೇನೆ, ಕೆಲಸ ಬೇರೆ. ಆದರೂ ಆ ಎರಡು ಅಂಕಿ ಏನು ಹೇಳುತ್ತವೆ ಎಂದು ಓದಲು ಬರುತ್ತದೆ. ಆ ಓದಿನಿಂದ ನಮಗೆ ಉಳಿದ ದುಡ್ಡು ಎಷ್ಟು ಎಂದು ನೋಡಿದ ಮೇಲೆ ಇದನ್ನು ವಿವರವಾಗಿ ಬರೆದಿಡಬೇಕು ಅನಿಸಿತು.

ಚೀಟಿ ಓದುವುದು

ಸಿಒ ಅಂದರೆ ಕಾರ್ಬನ್ ಮೊನಾಕ್ಸೈಡ್. ಹೊಗೆಯಲ್ಲಿ ಶೇಕಡಾ ಎಷ್ಟಿದೆ ಎಂದು ಅಳೆಯುತ್ತಾರೆ. ಪೆಟ್ರೋಲ್ ಅರ್ಧಂಬರ್ಧ ಉರಿದಾಗ ಇದು ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಆದಾಗ ಅರ್ಧಂಬರ್ಧವೇ ಉರಿಯುವುದು. ಮೆಕ್ಯಾನಿಕ್‌ಗಳು ಇದನ್ನು ‘ರಿಚ್ ಓಡ್ತಿದೆ’ ಅನ್ನುತ್ತಾರೆ. ಎಚ್‌ಸಿ ಅಂದರೆ ಹೈಡ್ರೋಕಾರ್ಬನ್. ಉರಿಯದೆ ಹಾಗೇ ಹೊರಬಂದ ಪೆಟ್ರೋಲ್ ಅಥವಾ ಆಯಿಲ್. ಇದನ್ನು ಪಿಪಿಎಂನಲ್ಲಿ ಅಳೆಯುತ್ತಾರೆ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂದು.

ಮಿತಿ ಎಲ್ಲ ಕಾರಿಗೂ ಒಂದೇ ಅಲ್ಲ. ಹೊಸ ಗಾಡಿಗಳ ಹೊಗೆಗೆ ಸರ್ಕಾರ ಹಂತ ಹಂತವಾಗಿ ಬಿಗಿ ಮಾಡಿದ ನಿಯಮಕ್ಕೆ ಭಾರತ್ ಸ್ಟೇಜ್ ಅನ್ನುತ್ತಾರೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಸಿಒ 3 ಪರ್ಸೆಂಟ್, ಎಚ್‌ಸಿ 1,500ರವರೆಗೆ ಇರಬಹುದು. ಸ್ಟೇಜ್ 2 ಮತ್ತು 3ರ ಕಾರಿಗೆ ಸಿಒ 0.5, ಎಚ್‌ಸಿ 750. ಸ್ಟೇಜ್ 4ರ ಕಾರಿಗೆ 0.3 ಮತ್ತು 200. ಸ್ಟೇಜ್ 2 ಬೆಂಗಳೂರಿಗೆ 2003ರ ಏಪ್ರಿಲ್‌ನಲ್ಲೇ ಬಂದಿತ್ತು. ಮೈಸೂರಿಗೆ ದೇಶದ ಉಳಿದ ಊರುಗಳ ಜೊತೆ 2005ರ ಏಪ್ರಿಲ್‌ನಲ್ಲಿ ಬಂತು. ಮಾವನ ಕಾರು ಆಮೇಲಿನದು. ಹಾಗಾಗಿ ಅದು ಸ್ಟೇಜ್ 2, ಮಿತಿ 0.5. ನಮ್ಮದು 2.41. ಮಿತಿಯ ಹೆಚ್ಚುಕಡಿಮೆ ಐದು ಪಟ್ಟು.

ಎಚ್‌ಸಿ ಒಂದೇ ಜಾಸ್ತಿ ಇದ್ದು ಸಿಒ ಕಮ್ಮಿ ಇದ್ದರೆ ಕಿಡಿಯ ಕಡೆ ನೋಡಬೇಕು. ಪ್ಲಗ್, ಪ್ಲಗ್ ವೈರ್ ಇಂಥವು. ಎರಡೂ ಜಾಸ್ತಿ ಇದ್ದರೆ ಮೊದಲ ಅನುಮಾನ ಮಿಶ್ರಣದ ಮೇಲೆ. ಕೆಟಲಿಟಿಕ್ ಕನ್ವರ್ಟರ್ ಸತ್ತಿದ್ದರೂ ಎರಡೂ ಏರುತ್ತವೆ, ಅದು ನಿಜ. ವರ್ಕ್‌ಶಾಪ್‌ನವರು ಹಿಡಿದದ್ದು ಆ ಎಳೆಯನ್ನೇ. ಆದರೆ ಎರಡರಲ್ಲಿ ಯಾವುದು ಎಂದು ಬೇರ್ಪಡಿಸಲು ದಾರಿ ಇದೆ.

ಟೆಸ್ಟ್ ಮಾಡುವ ಯಂತ್ರದ ಪರದೆಯ ಮೇಲೆ ಸಿಒ, ಎಚ್‌ಸಿ ಅಲ್ಲದೆ ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಕೂಡ ಬರುತ್ತದೆ. ಚೀಟಿಯಲ್ಲಿ ಇದು ಇರಲಿಲ್ಲ. ಟೆಸ್ಟ್ ಕೇಂದ್ರದ ಹುಡುಗನನ್ನು ಮಾವ ಕೇಳಿದ್ದರೆ ಅವತ್ತೇ ತೋರಿಸುತ್ತಿದ್ದ. ಎರಡನೇ ಟೆಸ್ಟ್ ದಿನ ನಾನು ಕೇಳಿದೆ, ತೋರಿಸಿದ. ಆಕ್ಸಿಜನ್ 0.3 ಇತ್ತು. ಅಂದರೆ ಹೊಗೆಯಲ್ಲಿ ಗಾಳಿ ಉಳಿದೇ ಇಲ್ಲ. ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಳಿದ ಜೇನುಗೂಡಿನಂಥ ಸೆರಾಮಿಕ್ ಇರುತ್ತದೆ. ಸಿಒ ಅದರ ಮೇಲೆ ಹಾಯುವಾಗ ಆಕ್ಸಿಜನ್ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸೇರಲು ಆಕ್ಸಿಜನ್ನೇ ಇಲ್ಲದಿದ್ದರೆ ಹೊಚ್ಚಹೊಸ ಕನ್ವರ್ಟರ್ ಕೂಡ ಏನೂ ಮಾಡಲಾರದು. ಆ ಸ್ಥಿತಿಯಲ್ಲಿ ದುಬಾರಿ ಭಾಗ ಹಾಕಿಸಿದ್ದರೆ ಮಾವನ ದುಡ್ಡೂ ಹೋಗುತ್ತಿತ್ತು, ಕಾರೂ ಮತ್ತೆ ಫೇಲಾಗುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ ಮಾತು ಇದೇ. ಹೊಗೆ ಹೊರಬೀಳುವ ಜಾಗದಿಂದ ರಿಪೇರಿ ಶುರು ಮಾಡಬಾರದು. ಹೊಗೆ ಹುಟ್ಟುವ ಜಾಗದಿಂದ ಶುರು ಮಾಡಬೇಕು.

ಮೊದಲ ವಾರ: ಮಾಡಲೇಬೇಕಾದ ಕೆಲಸ, ಆದರೂ ಪಾಸಾಗಲಿಲ್ಲ

ಬನ್ನಿಮಂಟಪದ ಹತ್ತಿರ ಒಬ್ಬರು ಹಳೆಯ ಮೆಕ್ಯಾನಿಕ್ ಇದ್ದಾರೆ. ಶೆಡ್ಡಿನ ಮುಂದೆ ಬೋರ್ಡ್ ಕೂಡ ಇಲ್ಲ. ಎಲ್ಲರೂ ಭಾಯ್ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಮಾರುತಿ 800 ಅಂದರೆ ಅವರಿಗೆ ಅಂಗೈ ಗೆರೆ ಇದ್ದಂತೆ.

ಅವರು ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದರು. ಆ ಕಡೆಯ ಬೆಳಕು ಈ ಕಡೆ ಕಾಣಲಿಲ್ಲ. 180 ರೂಪಾಯಿಗೆ ಹೊಸದು. ಮೂರು ಪ್ಲಗ್ ಬಿಚ್ಚಿದರು. ಮೂರರ ತುದಿಯೂ ಮಸಿ ಹಿಡಿದು ಒಣಗಿದ ಕಪ್ಪಾಗಿತ್ತು. “ನೋಡಿ ಮೇಷ್ಟ್ರೇ, ಮೂರೂ ಒಂದೇ ಥರ ಕಪ್ಪು. ಒಂದು ಸಿಲಿಂಡರ್ ಕಥೆ ಅಲ್ಲ ಇದು. ಇಡೀ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡೀತಿದೆ,” ಎಂದರು. ಪ್ಲಗ್‌ಗೆ 330. ಪ್ಲಗ್ ವೈರ್‌ಗಳನ್ನು ಮೀಟರ್ ಹಿಡಿದು ನೋಡಿ, ಚೆನ್ನಾಗಿವೆ ಎಂದು ಅವನ್ನೇ ಹಾಕಿದರು. ಹೊಸ ವೈರ್ ಸೆಟ್ ಮಾರುವುದು ಸುಲಭವಿತ್ತು. ಅವರು ಮಾರಲಿಲ್ಲ.

ಆಮೇಲೆ ಆಯಿಲ್ ಕಡ್ಡಿ ಎಳೆದು ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು. ಪೆಟ್ರೋಲ್ ವಾಸನೆ ಗಪ್ಪನೆ ಬಂತು. ರಿಚ್ ಓಡುವ ಎಂಜಿನ್‌ನಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಎಂಜಿನ್ ಬಿಸಿಯಾದಾಗ ಅದು ಆವಿಯಾಗುತ್ತದೆ. ಆ ಆವಿ ಹೊರಗೆ ಹೋಗುವುದಿಲ್ಲ, ಪಿಸಿವಿ ವಾಲ್ವ್ ಪೈಪಿನಲ್ಲಿ ಮತ್ತೆ ಎಂಜಿನ್ ಒಳಗೇ ಹೋಗುತ್ತದೆ. ಹೀಗೆ ಲೆಕ್ಕಕ್ಕೆ ಸಿಗದ ಪೆಟ್ರೋಲ್ ಇನ್ನಷ್ಟು. ಎಮಿಷನ್ ಟೆಸ್ಟ್‌ಗೆ ಮುಂಚೆ ಆಯಿಲ್ ಬದಲಿಸಿ ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ. ಆಯಿಲ್, ಆಯಿಲ್ ಫಿಲ್ಟರ್, ಕೂಲಿ ಸೇರಿ 1,260.

ಈ ನಡುವೆ ಮಾವ ಪೆಟ್ರೋಲ್ ಬಂಕ್‌ನಲ್ಲಿ ಯಾರೋ ಹೇಳಿದರೆಂದು 450 ರೂಪಾಯಿಯ ಇಂಜೆಕ್ಟರ್ ಕ್ಲೀನರ್ ಬಾಟಲಿ ತಂದು ಟ್ಯಾಂಕಿಗೆ ಸುರಿದಿದ್ದರು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ. ಒಳ್ಳೆಯದೂ ಆಗಲಿಲ್ಲ. ಮಿಶ್ರಣವೇ ತಪ್ಪಿರುವಾಗ ಬಾಟಲಿಯಲ್ಲಿರುವ ಯಾವ ದ್ರವವೂ ಅದನ್ನು ಸರಿಮಾಡುವುದಿಲ್ಲ.

ಎರಡನೇ ಟೆಸ್ಟ್. ಎಚ್‌ಸಿ 980ರಿಂದ 430ಕ್ಕೆ ಬಂತು, ಪಾಸು. ಸಿಒ 2.18. ಫೇಲು.

ಮಾವನ ಮುಖ ಸಪ್ಪಗಾಯಿತು. ನನಗೆ ಮಾತ್ರ ಸಮಾಧಾನವಾಯಿತು. ಯಾಕೆಂದರೆ ಈಗ ತೊಂದರೆ ಒಂದೇ ಉಳಿದಿತ್ತು. ಕಿಡಿ ಸರಿಯಾಗಿದೆ, ಪೆಟ್ರೋಲ್ ಉರಿಯುತ್ತಿದೆ. ಆದರೆ ಯಾರೋ ಎಂಜಿನ್‌ಗೆ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತಿದ್ದಾರೆ. ಸುರಿಯುವುದು ಇಸಿಎಂ, ಅಂದರೆ ಕಾರಿನ ಕಂಪ್ಯೂಟರ್. ಅದಕ್ಕೆ ಹಾಗೆ ಮಾಡು ಎಂದು ಹೇಳುತ್ತಿರುವವರು ಯಾರು?

ಮೇಲೇರದ ಮುಳ್ಳು

ಮೊದಲು ಆಕ್ಸಿಜನ್ ಸೆನ್ಸರ್ ನೋಡಿದೆವು. ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್ ನನ್ನ ಹತ್ತಿರ ಇತ್ತು. ಈ ಕಾಲದ ಕಾರಿಗೆ ಅದು ಹೊಂದುವುದಿಲ್ಲ. ಹಾಗಾಗಿ ಭಾಯ್ ಮಲ್ಟಿಮೀಟರನ್ನೇ ಸೆನ್ಸರ್ ವೈರಿಗೆ ಹಚ್ಚಿದರು. ಚೆನ್ನಾಗಿರುವ ಎಂಜಿನ್‌ನಲ್ಲಿ ಅಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. ನಮ್ಮದು 0.8ರಲ್ಲಿ ನಿಂತುಬಿಟ್ಟಿತ್ತು. 0.8 ಅಂದರೆ ರಿಚ್. ಸೆನ್ಸರ್ ಸತ್ತು ಹಾಗೆ ನಿಂತಿದೆಯೋ, ನಿಜ ಹೇಳುತ್ತಿದೆಯೋ? ಭಾಯ್ ಆಕ್ಸಿಲರೇಟರ್ ಒತ್ತಿ ತಟ್ಟನೆ ಬಿಟ್ಟರು. ಹಾಗೆ ಬಿಟ್ಟಾಗ ಕಂಪ್ಯೂಟರ್ ಒಂದು ಕ್ಷಣ ಪೆಟ್ರೋಲ್ ನಿಲ್ಲಿಸುತ್ತದೆ. ಮೀಟರ್ 0.1ಕ್ಕೆ ಬಿದ್ದು, ಮತ್ತೆ ಮೇಲೆದ್ದಿತು. ಸೆನ್ಸರ್ ಬದುಕಿದೆ. ನಿಜವನ್ನೇ ಹೇಳುತ್ತಿದೆ. ಕಂಪ್ಯೂಟರ್ ಅದರ ಮಾತು ಕೇಳುತ್ತಿಲ್ಲ, ಅಷ್ಟೆ.

ಸೆನ್ಸರ್ ಮಾತನ್ನು ಕಂಪ್ಯೂಟರ್ ಕೇಳದೆ ಇರುವುದು ಯಾವಾಗ? ಎಂಜಿನ್ ತಣ್ಣಗಿದ್ದಾಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಳೆಯ ಕಾರ್ಬುರೇಟರ್ ಗಾಡಿಗೆ ಚೋಕ್ ಎಳೆಯುತ್ತಿದ್ದೆವಲ್ಲ, ಎಂಪಿಎಫ್‌ಐ ಗಾಡಿಯಲ್ಲಿ ಆ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಬಿಸಿಯಾಗುವ ತನಕ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಬಿಸಿಯಾದ ಮೇಲೆ ಸೆನ್ಸರ್ ಹೇಳಿದಂತೆ ಅಳೆದು ಕೊಡುತ್ತದೆ.

ಆಗ ನಾನು ಡ್ಯಾಶ್‌ಬೋರ್ಡ್ ನೋಡಿದೆ. ಕಾರು ರಿಂಗ್ ರೋಡಿನಲ್ಲಿ 20 ಕಿಲೋಮೀಟರ್ ಓಡಿ ಬಂದು ನಿಂತಿತ್ತು. ಟೆಂಪರೇಚರ್ ಮುಳ್ಳು ತಣ್ಣಗಿನ ಗೆರೆಯಿಂದ ಒಂದು ಚೂರು ಮೇಲಿತ್ತು.

“ಮಾವ, ಈ ಮುಳ್ಳು ಯಾವಾಗಲೂ ಇಷ್ಟೇ ಇರುತ್ತಾ?”

“ಹೂಂ ಕಣೋ. ಅದಕ್ಕೇ ನೆಮ್ಮದಿ. ಒಂದು ದಿನಾನೂ ಹೀಟ್ ಆಗಿಲ್ಲ ಈಗ.”

ಆ ‘ಈಗ’ ಕೇಳಿ ಭಾಯ್ ತಲೆ ಎತ್ತಿದರು. “ಮುಂಚೆ ಹೀಟ್ ಆಗಿತ್ತಾ ಮೇಷ್ಟ್ರೇ?”

ಆಗಿತ್ತು. 2024ರ ಮೇ ತಿಂಗಳಲ್ಲಿ ಊಟಿಗೆ ಹೊರಟಾಗ ಗುಂಡ್ಲುಪೇಟೆ ದಾಟಿದ ಮೇಲೆ ಎಂಜಿನ್ ಕಾದು ನಿಂತಿತ್ತು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಒಬ್ಬ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಕೈಗೆ ಕೊಟ್ಟು, ನಮ್ಮ ಬಿಸಿಲಿಗೆ ಇದು ಬೇಡವೇ ಬೇಡ ಎಂದು ಕಳಿಸಿದ್ದ. ಅವನ ಉದ್ದೇಶ ಕೆಟ್ಟದ್ದಲ್ಲ. ನಮ್ಮ ಕಡೆ ನೂರಾರು ಗಾಡಿಗೆ ಹೀಗೇ ಮಾಡುತ್ತಾರೆ. ಅವತ್ತಿಗೆ ಕಾರು ಮನೆ ಸೇರುತ್ತದೆ, ಎಲ್ಲರಿಗೂ ಖುಷಿ.

ಥರ್ಮೋಸ್ಟಾಟ್ ಒಂದು ಸಣ್ಣ ಬಾಗಿಲು. ಎಂಜಿನ್ ತಣ್ಣಗಿರುವ ತನಕ ಮುಚ್ಚಿಕೊಂಡು, ನೀರು ರೇಡಿಯೇಟರ್ ಕಡೆ ಹೋಗದಂತೆ ತಡೆಯುತ್ತದೆ. 82 ಡಿಗ್ರಿಯ ಆಸುಪಾಸಿಗೆ ಬಂದಾಗ ತೆರೆಯುತ್ತದೆ. ಆ ಬಾಗಿಲೇ ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ನಿಮಿಷದಿಂದಲೇ ನೀರು ರೇಡಿಯೇಟರ್‌ನಲ್ಲಿ ಸುತ್ತಿ ತಣ್ಣಗಾಗುತ್ತಲೇ ಇರುತ್ತದೆ. ಭಾಯ್ ಹತ್ತಿರ ದೂರದಿಂದಲೇ ಬಿಸಿ ಅಳೆಯುವ ಗನ್ ಇತ್ತು. ವಾಲ್ವ್ ಕೂರುವ ಜಾಗಕ್ಕೆ ಹಿಡಿದರು. 58 ಡಿಗ್ರಿ. ಇಪ್ಪತ್ತು ಕಿಲೋಮೀಟರ್ ಓಡಿದ ಎಂಜಿನ್!

ಅಂದರೆ ಮಾವನ ಕಾರು ಹದಿನೆಂಟು ತಿಂಗಳಿಂದ ಚೋಕ್ ಎಳೆದುಕೊಂಡೇ ಓಡಾಡುತ್ತಿತ್ತು.

ವಾಲ್ವ್ 420 ರೂಪಾಯಿ, ಗ್ಯಾಸ್ಕೆಟ್ 40, ಕೂಲೆಂಟ್ 350, ಕೂಲಿ 400. ಮಾವನಿಗೆ ಒಂದು ಹೆದರಿಕೆ ಇತ್ತು. ಮತ್ತೆ ಹಾಕಿದರೆ ಮತ್ತೆ ಹೀಟ್ ಆಗುವುದಿಲ್ಲವೇ? ಸರಿಯಾದ ಪ್ರಶ್ನೆ. 2024ರಲ್ಲಿ ಕಾದದ್ದಕ್ಕೆ ಕಾರಣ ಹುಡುಕದೆ ವಾಲ್ವ್ ಹಾಕುವುದು ತಪ್ಪು. ಭಾಯ್ ಫ್ಯಾನ್ ಓಡಿಸಿ ನೋಡಿದರು, ಸರಿ ಇತ್ತು. ರೇಡಿಯೇಟರ್ ತೊಳೆದರು, ಅಂಥ ಕೆಸರೇನೂ ಬರಲಿಲ್ಲ. ಕೊನೆಗೆ ರೇಡಿಯೇಟರ್ ಮುಚ್ಚಳ ತಿರುಗಿಸಿ ನೋಡಿದರೆ ಅದರ ರಬ್ಬರ್ ಬಿಸ್ಕತ್ತಿನಂತೆ ಒಣಗಿ ಬಿರುಕು ಬಿಟ್ಟಿತ್ತು. ಮುಚ್ಚಳ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಅವತ್ತು ಆದದ್ದು ಇದೇ ಇರಬೇಕು. ಹೊಸ ಮುಚ್ಚಳಕ್ಕೆ 150.

ವಾಲ್ವ್ ಹಾಕಿದ ಮೇಲೆ ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದೆವು. ಮುಳ್ಳು ನಡುವಿಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಗನ್ ಹಿಡಿದರೆ 86.

ಮೂರನೇ ಟೆಸ್ಟ್. ಎಚ್‌ಸಿ 310. ಸಿಒ 0.92.

ಉಳಿದ ಅರ್ಧ

2.18ರಿಂದ 0.92. ಆದರೂ ಮಿತಿ 0.5. ಇಲ್ಲಿಗೆ ಬಂದವರಲ್ಲಿ ಬಹಳ ಜನ ಸೋತು ಕನ್ವರ್ಟರ್ ಹಾಕಿಸಿಬಿಡುತ್ತಾರೆ. ನನಗೂ ಒಂದು ಗಳಿಗೆ ಹಾಗೇ ಅನಿಸಿತು.

ಭಾಯ್ ಒಪ್ಪಲಿಲ್ಲ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಗಾಡಿ ತರಲು ಹೇಳಿದರು. ಸ್ಟಾರ್ಟ್ ಮಾಡಿ ಬಾನೆಟ್ ಒಳಗೆ ಕಿವಿ ಕೊಟ್ಟು ನಿಂತರು. “ಕೇಳಿಸ್ತಾ?” ಎಂದರು. ಪುಸ್ ಪುಸ್ ಎಂದು ಸಣ್ಣ ಸದ್ದು. ಎಂಜಿನ್‌ನಿಂದ ಹೊಗೆ ಬರುವ ಮ್ಯಾನಿಫೋಲ್ಡ್‌ಗೆ ಸೈಲೆನ್ಸರ್ ಪೈಪ್ ಸೇರುವ ಜಾಯಿಂಟ್‌ನಲ್ಲಿ ಮಸಿಯ ಗೆರೆ ಎದ್ದಿತ್ತು. ಅಲ್ಲಿನ ಗ್ಯಾಸ್ಕೆಟ್ ತಿಂದುಹೋಗಿತ್ತು. ಎಂಜಿನ್ ಬಿಸಿಯಾದ ಮೇಲೆ ಲೋಹ ಹಿಗ್ಗಿ ಸದ್ದು ನಿಂತುಬಿಡುತ್ತದೆ. ಅದಕ್ಕೇ ಅವರು ಬೆಳಿಗ್ಗೆ ಕರೆದದ್ದು.

ಹೊಗೆ ಹೊರಗೆ ಸೋರಿದರೆ ಸಿಒ ಯಾಕೆ ಏರಬೇಕು ಅಂತ ಅನಿಸುತ್ತದೆ, ಅಲ್ವಾ? ಪೈಪಿನಲ್ಲಿ ಹೊಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಆ ಸಂದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಬಂದ ಗಾಳಿ ಆಕ್ಸಿಜನ್ ಸೆನ್ಸರ್‌ಗೆ ತಾಗಿದರೆ, ಪೆಟ್ರೋಲ್ ಕಮ್ಮಿಯಾಗಿದೆ ಎಂದು ಸೆನ್ಸರ್ ತಿಳಿಯುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಕೊಡುತ್ತದೆ. ಎಂಜಿನ್ ತಣ್ಣಗಿದ್ದಷ್ಟು ದಿನ ಕಂಪ್ಯೂಟರ್ ಸೆನ್ಸರ್ ಮಾತನ್ನೇ ಕೇಳುತ್ತಿರಲಿಲ್ಲ, ಹಾಗಾಗಿ ಈ ತಪ್ಪು ಕಾಣುತ್ತಿರಲಿಲ್ಲ. ಥರ್ಮೋಸ್ಟಾಟ್ ಹಾಕಿದ ಮೇಲೆ ಮೇಲೆ ಬಂತು. ಒಂದು ತಪ್ಪಿನ ಹಿಂದೆ ಇನ್ನೊಂದು ಅಡಗಿ ಕೂತಿರುತ್ತದೆ ಎಂದು ಕಾಲೇಜಿನಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ಗ್ಯಾಸ್ಕೆಟ್ 150, ಫ್ಲಾಂಜ್‌ಗೆ ಸ್ವಲ್ಪ ವೆಲ್ಡಿಂಗ್ 250, ಕೂಲಿ 200.

ಕನ್ವರ್ಟರ್ ಬದುಕಿದೆಯೇ ಎಂದು ಆಗಲೇ ನೋಡಿಬಿಟ್ಟೆವು. ತಣ್ಣಗಿದ್ದಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿದರು, ಒಳಗೆ ಚೂರುಗಳು ಗಲಗಲ ಅನ್ನಲಿಲ್ಲ. ಚೆನ್ನಾಗಿ ಓಡಿಸಿ ಬಂದ ಮೇಲೆ ಗನ್ ಹಿಡಿದರೆ ಹೊಗೆ ಒಳಹೋಗುವ ಕಡೆಗಿಂತ ಹೊರಬರುವ ಕಡೆ ಸುಮಾರು 30 ಡಿಗ್ರಿ ಜಾಸ್ತಿ ಇತ್ತು. ಒಳಗೆ ಏನೋ ಉರಿಯುತ್ತಿದೆ ಎಂದು ಅದರ ಅರ್ಥ. ಈ ಅಳತೆಯನ್ನೇ ಪೂರ್ತಿ ನಂಬಬಾರದು. ಆದರೆ ಮೂವತ್ತು ಸಾವಿರ ಖರ್ಚು ಮಾಡುವ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಬಹುದು. ಎಲ್ಲ ಸರಿಮಾಡಿದ ಮೇಲೂ ಸಿಒ ಇಳಿಯದಿದ್ದರೆ ಆಗ ಕನ್ವರ್ಟರ್ ಮಾತು. ಹಾಗೆ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ಒಳಗಿನ ಲೋಹಕ್ಕೆ ಬೆಲೆ ಇದೆ. ಕೆಲವರು ಜೇನುಗೂಡನ್ನು ಒಡೆದು ಖಾಲಿ ಡಬ್ಬ ಬಿಡುತ್ತಾರೆ. ಅದನ್ನು ಖಂಡಿತ ಮಾಡಿಸಬೇಡಿ. ಆ ಕಾರು ಆಮೇಲೆ ಪ್ರಾಮಾಣಿಕವಾಗಿ ಪಾಸಾಗುವುದು ಬಹಳ ಕಷ್ಟ.

ಟೆಸ್ಟ್ ದಿನ

ಕೆಟಲಿಟಿಕ್ ಕನ್ವರ್ಟರ್ 250, 300 ಡಿಗ್ರಿಗೆ ಬರುವ ತನಕ ಕೆಲಸ ಶುರು ಮಾಡುವುದಿಲ್ಲ. ಮನೆಯಿಂದ ಎರಡು ಕಿಲೋಮೀಟರ್ ದೂರದ ಕೇಂದ್ರಕ್ಕೆ ನೇರ ಹೋಗಿ ಕ್ಯೂನಲ್ಲಿ ನಿಂತರೆ ಒಳ್ಳೆಯ ಕಾರೂ ಫೇಲಾಗಬಹುದು. ಮಾವ ಮೊದಲ ಸಲ ಮಾಡಿದ್ದು ಹಾಗೆಯೇ.

ನಾಲ್ಕನೇ ಟೆಸ್ಟ್‌ಗೆ ನಂಜನಗೂಡು ರಸ್ತೆಯಲ್ಲಿ 25 ಕಿಲೋಮೀಟರ್ ಓಡಿಸಿದೆವು. ಕೊನೆಯ ಸ್ವಲ್ಪ ದೂರ ಮೂರನೇ ಗೇರ್‌ನಲ್ಲೇ. ಕೇಂದ್ರದಲ್ಲಿ ಮುಂದೆ ಎರಡು ಆಟೊ ಇದ್ದವು. ಎಂಜಿನ್ ಆಫ್ ಮಾಡಲಿಲ್ಲ. ನಮ್ಮ ಸರದಿ ಬಂದಾಗ ಎಸಿ, ಲೈಟು, ಫ್ಯಾನ್ ಎಲ್ಲ ಆಫ್ ಮಾಡಿ ಎರಡು ನಿಮಿಷ 2,500 ಆರ್‌ಪಿಎಂನಲ್ಲಿ ಹಿಡಿದು, ಆಮೇಲೆ ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಟ್ಟೆವು. ಇದು ಮೋಸವಲ್ಲ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ಎಷ್ಟು ಹೊಗೆ ಬಿಡುತ್ತದೆ ಎಂದು ನೋಡುವುದೇ ಈ ಟೆಸ್ಟಿನ ಉದ್ದೇಶ. ಹುಡುಗ ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದ. ಹೊಗೆ ಅಳೆಯುವ ಕಡ್ಡಿಯನ್ನು ಸೈಲೆನ್ಸರ್ ಒಳಗೆ ಒಂದು ಅಡಿ ತಳ್ಳಿದ.

ಸಿಒ 0.28. ಎಚ್‌ಸಿ 140. ಪಾಸ್.

ಮಾವ ಚೀಟಿಯನ್ನು ಎರಡು ಸಲ ಓದಿದರು. ಮೇಷ್ಟ್ರಾಗಿ ಎಷ್ಟು ಜನರ ಮಾರ್ಕ್ಸ್ ಕಾರ್ಡ್ ನೋಡಿದ್ದರೋ. ಇದನ್ನು ಅಷ್ಟೇ ಜತನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿದರು.

ಲೆಕ್ಕ, ಮತ್ತು ಒಂದು ನೋವು

ಫಿಲ್ಟರ್ ಮತ್ತು ಪ್ಲಗ್ 510. ಆಯಿಲ್ 1,260. ಥರ್ಮೋಸ್ಟಾಟ್, ಕೂಲೆಂಟ್, ಮುಚ್ಚಳ, ಕೂಲಿ 1,360. ಸೈಲೆನ್ಸರ್ ಜಾಯಿಂಟ್ 600. ಕೆಲಸಕ್ಕೆ ಬಂದ ಖರ್ಚು 3,730. ಟೆಸ್ಟ್‌ಗೆ 115ರಂತೆ ನಾಲ್ಕು ಸಲಕ್ಕೆ 460. ಆ ಬಾಟಲಿ 450, ವರ್ಕ್‌ಶಾಪ್‌ಗೆ ಕೊಟ್ಟ 500. ಎಲ್ಲ ಸೇರಿ 5,140.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಇನ್ನೊಂದು ವಿಷಯ. ಥರ್ಮೋಸ್ಟಾಟ್ ಕಿತ್ತದ್ದು 2024ರ ಮೇ ತಿಂಗಳಲ್ಲಿ. ಎಮಿಷನ್ ಸರ್ಟಿಫಿಕೇಟ್ ಈ ಕಾರಿಗೆ ಆರು ತಿಂಗಳಿಗೊಮ್ಮೆ ಬೇಕು. ನಡುವೆ ಎರಡು ಸಲ ಮಾವ ಮಾಡಿಸಿದ್ದಾರೆ, ಎರಡೂ ಸಲ ಪಾಸು. ಹೇಗೆ? ಕೇಳಿದಾಗ ಸಂಕೋಚದಿಂದ ಹೇಳಿದರು. ಆ ಕೇಂದ್ರದಲ್ಲಿ ಕಡ್ಡಿಯನ್ನೇ ಹಾಕುತ್ತಿರಲಿಲ್ಲ. ಫೋಟೊ ತೆಗೆದು ದುಡ್ಡು ಇಸಕೊಂಡು ಚೀಟಿ ಕೊಡುತ್ತಿದ್ದರು. ಈ ಸಲ ಅದು ಮುಚ್ಚಿದ್ದರಿಂದ ಬೇರೆ ಕಡೆ ಹೋದರು, ಅಲ್ಲಿ ನಿಜವಾಗಿ ಅಳೆದರು.

ಮೋಸದ ಚೀಟಿಯಿಂದ ಯಾರಿಗೂ ನಷ್ಟವಿಲ್ಲ ಎಂದು ಜನ ತಿಳಿದಿದ್ದಾರೆ. ಮಾವನ ಡೈರಿ ತೆಗೆದು ಲೆಕ್ಕ ಹಾಕಿದೆ. ಅವರು ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದನ್ನೂ ಬರೆಯುತ್ತಾರೆ. ಮುಂಚೆ ಲೀಟರಿಗೆ 16 ಕಿಲೋಮೀಟರ್ ಬರುತ್ತಿದ್ದದ್ದು 13.5ಕ್ಕೆ ಇಳಿದಿತ್ತು. ವಯಸ್ಸಾಯ್ತು ಗಾಡಿಗೆ ಎಂದು ಸುಮ್ಮನಾಗಿದ್ದರು. ತಿಂಗಳಿಗೆ 400 ಕಿಲೋಮೀಟರ್ ಅಂದರೆ ನಾಲ್ಕೂವರೆ ಲೀಟರ್ ಪೆಟ್ರೋಲ್ ಹೊಗೆಯಾಗಿ ಹೋಗುತ್ತಿತ್ತು. ಲೀಟರಿಗೆ 102ರ ಲೆಕ್ಕದಲ್ಲಿ ಹದಿನೆಂಟು ತಿಂಗಳಿಗೆ ಎಂಟು ಸಾವಿರದ ಮೇಲೆ. ಮೊದಲ ಸಲವೇ ಸರಿಯಾಗಿ ಅಳೆದು ಫೇಲ್ ಮಾಡಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು. ಅಷ್ಟೂ ದಿನ ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿದಾಗ ಪಕ್ಕದ ಮನೆಯ ಮಗು ಆ ಹೊಗೆ ಕುಡಿಯುತ್ತಿತ್ತು. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

2021ರ ಜೂನ್‌ನಲ್ಲಿ ತಿದ್ದಿದ ನಿಯಮದ ಪ್ರಕಾರ ಫೇಲಾದ ಗಾಡಿಗೆ ಕಾರಣ ಬರೆದ ರಿಜೆಕ್ಷನ್ ಸ್ಲಿಪ್ ಕೊಡಬೇಕು. ಅದನ್ನು ಮೆಕ್ಯಾನಿಕ್‌ಗೆ ತೋರಿಸಬಹುದು, ಯಂತ್ರದ ಮೇಲೇ ಅನುಮಾನ ಇದ್ದರೆ ಬೇರೆ ಕೇಂದ್ರದಲ್ಲಿ ಮತ್ತೆ ಮಾಡಿಸಬಹುದು. ಆ ಸ್ಲಿಪ್ ಕೇಳಿ ಪಡೆಯಿರಿ. ಬಿಸಾಡಬೇಡಿ. ಸರ್ಟಿಫಿಕೇಟ್ ಇಲ್ಲದೆ ಓಡಿಸಿದರೆ ದಂಡ 10,000 ರೂಪಾಯಿವರೆಗೂ ಹೋಗುತ್ತದೆ. ಹಾಗಾಗಿ ಅವಧಿ ಮುಗಿಯುವ ಒಂದು ತಿಂಗಳು ಮುಂಚೆಯೇ ಟೆಸ್ಟ್ ಮಾಡಿಸುವುದು ಒಳ್ಳೆಯದು, ಫೇಲಾದರೆ ಹುಡುಕಲು ಸಮಯ ಸಿಗುತ್ತದೆ.

ನಿಮ್ಮದು ಕಾರ್ಬುರೇಟರ್ ಕಾಲದ 800 ಅಥವಾ ಪ್ರೀಮಿಯರ್ ಪದ್ಮಿನಿ ಆಗಿದ್ದರೆ ಹುಡುಕುವ ಕ್ರಮ ಬೇರೆ. ಅಲ್ಲಿ ಕಂಪ್ಯೂಟರ್ ಇಲ್ಲ, ಚೋಕ್ ಪೂರ್ತಿ ಬಿಡುತ್ತದೆಯೇ, ಫ್ಲೋಟ್ ಎತ್ತರ ಸರಿ ಇದೆಯೇ ನೋಡಿ, ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಅದಕ್ಕೆ ಮಿತಿಯೂ ಸಡಿಲ. ಡೀಸೆಲ್‌ದು ಪೂರ್ತಿ ಬೇರೆ ಕಥೆ, ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು. ಆದರೆ ಎಂಪಿಎಫ್‌ಐ ಬಂದ ಮೇಲಿನ ಹಳೆಯ ಪೆಟ್ರೋಲ್ ಕಾರು, ಆಲ್ಟೊ, ಜೆನ್, ಸ್ಯಾಂಟ್ರೊ, ವ್ಯಾಗನ್ ಆರ್ ಯಾವುದೇ ಇರಲಿ, ಫೇಲಾಗಿ ಸಿಒ ಜಾಸ್ತಿ ಬಂದರೆ ಮೊದಲು ಟೆಂಪರೇಚರ್ ಮುಳ್ಳು ನೋಡಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಡಿಸೆಂಬರ್ ಎರಡನೇ ವಾರ ಮಾವನ ಆರ್‌ಸಿ ರಿನ್ಯೂ ಆಯಿತು, ಇನ್ನೈದು ವರ್ಷಕ್ಕೆ. ಕೂಲೆಂಟ್ ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತಿದೆ, ಎಲ್ಲಿ ಎಂದು ಇನ್ನೂ ಗೊತ್ತಾಗಿಲ್ಲ. ಭಾಯ್ ವಾಟರ್ ಪಂಪ್ ಮೇಲೆ ಕಣ್ಣಿಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಮಾವ ಡಬ್ಬದಲ್ಲಿ ಎಷ್ಟಿದೆ ನೋಡಿ ಅದೇ ಡೈರಿಯಲ್ಲಿ ಬರೆಯುತ್ತಿದ್ದಾರೆ.